ಸೊನ್ನೆ ಒಂದು ಒಂದು

2002ರಲ್ಲಿ ಎಂ.ಟೆಕ್. ಓದಲು ನಾನು ಸಾಗರದಿಂದ ದಿಲ್ಲಿಗೆ ಹೊರಟಾಗ ಅಪ್ಪ ತಮ್ಮ ಡೈರಿಯ ಕೊನೆಯ ಪುಟದಲ್ಲಿ ಮೊದಲು ಬರೆದುಕೊಂಡದ್ದು 011 ಎಂಬ ಮೂರು ಅಂಕಿಗಳನ್ನು. ಹಾಸ್ಟೆಲಿನ ನಂಬರು ಸಿಕ್ಕಿದ್ದು ವಾರದ ಮೇಲೆ. ಅಲ್ಲಿಯವರೆಗೂ ಅವರ ಪಾಲಿಗೆ ನಾನಿದ್ದ ವಿಳಾಸ ಅಷ್ಟೇ: ಸೊನ್ನೆ ಒಂದು ಒಂದು.

ಎಸ್‌ಟಿಡಿ ಕೋಡಿನ ಲೆಕ್ಕ ಸರಳ. ಮುಂದಿನ ಸೊನ್ನೆ ಪರವೂರಿಗೆ ಹೋಗುವ ಬಾಗಿಲು. ಅದನ್ನು ಬಿಟ್ಟರೆ ಕೋಡೂ ನಂಬರೂ ಸೇರಿ ಹತ್ತು ಅಂಕಿ. ದಿಲ್ಲಿಗೆ 11, ಉಳಿದ ಎಂಟು ಅಂಕಿ ಅಲ್ಲಿನ ಮನೆ, ಕಚೇರಿಗಳಿಗೆ. ಮೈಸೂರಿಗೆ 821, ಉಳಿಯುವುದು ಏಳು. ನಮ್ಮ ಸಾಗರಕ್ಕೆ 8183, ಉಳಿಯುವುದು ಆರೇ. ಫೋನುಗಳು ಹೆಚ್ಚಿರುವ ಊರಿಗೆ ನಂಬರಿನ ಜಾಗ ಹೆಚ್ಚು ಬೇಕು. ಅದಕ್ಕೇ ಊರು ದೊಡ್ಡದಾದಷ್ಟೂ ಕೋಡು ಚಿಕ್ಕದು. ಬೆರಳಿಟ್ಟು ತಿರುಗಿಸುವ ಹಳೆಯ ಫೋನಿನಲ್ಲಿ 1 ಎಂದರೆ ಒಂದೇ ಮಿಡಿತ, 8 ಎಂದರೆ ಎಂಟು. "ದಿಲ್ಲಿ ಬೇಗ ಸಿಗ್ತದೆ ಮಾರಾಯ, ನಮ್ಮೂರಿಗೇ ಬೆರಳು ನೋಯೋದು" ಎಂದು ಅಪ್ಪ ನಗುತ್ತಿದ್ದರು.

2004ರಲ್ಲಿ ಕೆಲಸ ಸಿಕ್ಕಿತು, ನೋಯ್ಡಾದಲ್ಲಿ. ಯಮುನೆ ದಾಟಿದರೆ ಉತ್ತರ ಪ್ರದೇಶ. ಕೋಡು 0120, ನಂಬರು ಏಳು ಅಂಕಿ. ಬೂತಿನಲ್ಲಿ ನಿಂತು, ಓಡುವ ಮೀಟರಿನ ಮೇಲೆ ಕಣ್ಣಿಟ್ಟು, ಕೆಳಗಿನ ಮನೆಯ ಮಾಲೀಕರ ಏಳು ಅಂಕಿಗಳನ್ನು ಅಪ್ಪನಿಗೆ ಗಡಿಬಿಡಿಯಲ್ಲಿ ಹೇಳಿದೆ. ಕೋಡು ಬದಲಾದದ್ದನ್ನು ಹೇಳಲಿಲ್ಲ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಮಗ ದಿಲ್ಲಿಯಲ್ಲಿದ್ದಾನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವರಿಗೆ ನೋಯ್ಡಾ ಎಂಬ ಹೆಸರನ್ನು ಬಿಡಿಸಿ ಹೇಳುವ ಮನಸ್ಸಿರಲಿಲ್ಲ. ಮೊಬೈಲಿಗೆ ಮೊದಲ ಸಂಬಳ ಬರಲಿ ಎಂದು ಕಾಯುತ್ತಿದ್ದೆ.

ಅದೇ ತಿಂಗಳು ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಅಮ್ಮ ಡೈರಿ ತೆಗೆದು 011 ಒತ್ತಿ, ಆ ಏಳು ಅಂಕಿ ಒತ್ತಿದರು. ದಿಲ್ಲಿಯ ನಂಬರಿಗೆ ಎಂಟು ಬೇಕು. ಅತ್ತ ಗಂಟೆ ಬಾರಿಸಲಿಲ್ಲ, ತಪ್ಪು ನಂಬರು ಎನ್ನುವವರೂ ಇರಲಿಲ್ಲ. ಯಂತ್ರ ಎಂಟನೆಯ ಅಂಕಿಗಾಗಿ ಸುಮ್ಮನೆ ಕಾಯುತ್ತಿದ್ದಿರಬೇಕು. ಪಕ್ಕದ ಮನೆಯವರು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದರು. ನನಗೆ ಗೊತ್ತಾದದ್ದು ಎರಡು ದಿನ ಬಿಟ್ಟು, ಎಂದಿನಂತೆ ಭಾನುವಾರ ನಾನೇ ಬೂತಿಗೆ ಹೋದಾಗ. "ಎಷ್ಟು ಸಲ ಮಾಡಿದೆ, ನಿನ್ನ ಫೋನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ" ಎಂದರು ಅಮ್ಮ. ಬೈದಿದ್ದರೆ ವಾಸಿಯಿತ್ತು.

ಅಪ್ಪ ಚೇತರಿಸಿಕೊಂಡು ಇನ್ನೂ ಹನ್ನೊಂದು ವರ್ಷ ಇದ್ದರು. ನಾನು ಮೊಬೈಲು ಕೊಂಡೆ. ಅದರ ಲೆಕ್ಕದಲ್ಲಿ ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್ ಎಲ್ಲವೂ ದಿಲ್ಲಿ ಸರ್ಕಲ್ಲೇ. ಲ್ಯಾಂಡ್‌ಲೈನು ಒಪ್ಪದ ನನ್ನ ಸುಳ್ಳನ್ನು ಮೊಬೈಲು ಒಪ್ಪಿಕೊಂಡಿತು. ಈಗಂತೂ ಹತ್ತು ಅಂಕಿ ನೋಡಿ ಯಾರು ಎಲ್ಲಿದ್ದಾರೆಂದು ಹೇಳಲಾಗದು. ನನ್ನ ತಂಡದ ಹುಡುಗರಿಗೆ 0120 ಎಂದರೆ ಕಸ್ಟಮರ್ ಕೇರ್ ಇರಬಹುದು, ಎತ್ತಬೇಡಿ ಎಂಬ ಎಚ್ಚರಿಕೆ ಅಷ್ಟೇ. 2025ರ ಫೆಬ್ರವರಿಯಲ್ಲಿ ಟ್ರಾಯ್, ಪಕ್ಕದ ಬೀದಿಯ ಲ್ಯಾಂಡ್‌ಲೈನಿಗೂ ಸೊನ್ನೆ, ಕೋಡು ಸಮೇತ ಪೂರ್ತಿ ಒತ್ತಬೇಕೆಂದು ಶಿಫಾರಸು ಮಾಡಿದ ಸುದ್ದಿ ಓದಿದಾಗ, ಇದು ನನಗೆ ಇಪ್ಪತ್ತು ವರ್ಷ ತಡವಾಗಿ ಬಂತು ಅನ್ನಿಸಿತು.

ಅಪ್ಪ ಹೋದ ಮೇಲೆ ಆ ಡೈರಿಯನ್ನು ನಾನು ತಂದಿಟ್ಟುಕೊಂಡೆ. ಕೊನೆಯ ಪುಟದಲ್ಲಿ 011ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 0120 ಎಂದು ಬರೆದಿದ್ದಾರೆ. ಕೆಳಗೆ, ಆಸ್ಪತ್ರೆಯಿಂದ ಬಂದ ಮೇಲಿನ ನಡುಗುವ ಅಕ್ಷರದಲ್ಲಿ: "ನೋಯ್ಡಾ. ದಿಲ್ಲಿಯ ಹತ್ತಿರ."