ಶಾಲು ಮತ್ತು ವೀರಗಲ್ಲು

ಹತ್ತೊಂಬತ್ತು ವರ್ಷಗಳ ಕಾಲ, ದಿನಕ್ಕೆರಡು ಬಾರಿ, ಒಬ್ಬರು ನನಗೆ ಸೆಲ್ಯೂಟು ಹೊಡೆದರು. ಅವರು ನಮ್ಮ ಕಂಪನಿಯ ಬಾಗಿಲು ಕಾಯುತ್ತಿದ್ದ ಹವಾಲ್ದಾರರು. ಸೈನ್ಯದಿಂದ ನಲವತ್ತರೊಳಗೇ ನಿವೃತ್ತರಾಗಿ ಬಂದವರು. 1999ರಲ್ಲಿ ಕಾರ್ಗಿಲ್ಲಿನ ಬೆಟ್ಟಗಳಲ್ಲಿದ್ದವರು. ಅದು ನನಗೆ ತಿಳಿದದ್ದು ಅವರ ಬೀಳ್ಕೊಡುಗೆಯ ಭಾಷಣ ಬರೆಯುವ ಹೊಣೆ ನನ್ನ ಮೇಲೆ ಬಿದ್ದಾಗ. ಅಲ್ಲಿಯವರೆಗೆ ಅವರು ನಮಗೆಲ್ಲ ಬರಿಯ ‘ಮಿಲಿಟರಿ’. ಸೆಲ್ಯೂಟು ನನ್ನ ಯೋಗ್ಯತೆಗೆ ಸಲ್ಲುತ್ತಿದೆಯೆಂದೇ ನಾನು ನಂಬಿದ್ದೆ. ಗುಮಾಸ್ತನಾಗಿದ್ದವನು ಮೇಲ್ವಿಚಾರಕನಾದರೆ ಇಂಥ ನಂಬಿಕೆಗಳು ತಾವಾಗಿಯೇ ಬೆಳೆಯುತ್ತವೆ.

ನಮ್ಮ ಕಂಪನಿ ಸೈನಿಕರನ್ನು ಮರೆತಿದೆಯೆಂದು ಯಾರೂ ಹೇಳುವಂತಿಲ್ಲ. 1949ರಿಂದ ದೇಶ ಆಚರಿಸುತ್ತ ಬಂದಿರುವ ಧ್ವಜದಿನ, ಡಿಸೆಂಬರ್ 7, ನಮ್ಮಲ್ಲಿ ತಪ್ಪುವುದಿಲ್ಲ. ಡಬ್ಬಿ ಮೇಜಿನಿಂದ ಮೇಜಿಗೆ ಬರುತ್ತದೆ; ನೋಟು ಹಾಕಿ, ಪುಟ್ಟ ಬಾವುಟವನ್ನು ಅಂಗಿಗೆ ಚುಚ್ಚಿಕೊಳ್ಳುತ್ತೇವೆ. 2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳ ಲಾಭದ ಒಂದು ಪಾಲನ್ನು ಸಮಾಜಕ್ಕೆ ಮೀಸಲಿಟ್ಟಿತಷ್ಟೆ; ಆ ಹಣ ವೆಚ್ಚ ಮಾಡಬಹುದಾದ ಬಾಬುಗಳಲ್ಲಿ ಮಾಜಿ ಸೈನಿಕರ, ಯುದ್ಧ ವಿಧವೆಯರ ಹಿತವೂ ಒಂದು. ಅದಕ್ಕೂ ನಾವು ಚೆಕ್ಕು ಬರೆದಿದ್ದೇವೆ. ಚೆಕ್ಕು ಕೊಡುವ ಛಾಯಾಚಿತ್ರ ವಾರ್ಷಿಕ ವರದಿಯಲ್ಲಿ ಬಂದಿದೆ.

ಹವಾಲ್ದಾರರಿಗೂ ಶಾಲು, ಹಾರ, ಮೈಸೂರು ಪೇಟ, ಫಲಕ ಎಲ್ಲವೂ ಆಯಿತು. “ಗಡಿ ಕಾದ ಕೈ ನಮ್ಮ ಬಾಗಿಲನ್ನೂ ಕಾಯಿತು” ಎಂಬ ನನ್ನ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಮರುದಿನ ಅವರ ಗ್ರಾಚ್ಯುಯಿಟಿಯ ಕಾಗದ ನನ್ನ ಮೇಜಿಗೆ ಬಂತು. ಮೊದಲ ನಾಲ್ಕು ವರ್ಷ ಅವರ ಹೆಸರು ಹಂಗಾಮಿ ಪಟ್ಟಿಯಲ್ಲಿತ್ತು. ‘ಈ ಅವಧಿ ಸೇರುತ್ತದೆಯೆ? ಪರಿಶೀಲಿಸಿ’ ಎಂದು ಅಂಚಿನಲ್ಲಿ ಬರೆದು ಬದಿಗಿಟ್ಟೆ. ಪರಿಶೀಲಿಸಬೇಕಾದವನೂ ನಾನೇ. ಹೀಗಾಗಿ ಮೂರು ತಿಂಗಳು ಅದು ಅಲ್ಲಿಯೇ ಉಳಿಯಿತು.

ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ತೇರಿಗೆ ಹೋಗುವುದು ನಮ್ಮ ಮನೆಯ ಹಳೆಯ ಹರಕೆ. ಅರಸೀಕೆರೆಯ ಪಕ್ಕದ ಆ ಬೆಟ್ಟಕ್ಕೆ ಸಾವಿರಕ್ಕೂ ಮೀರಿದ ಮೆಟ್ಟಿಲುಗಳು. ಈ ಸಲ ಅರ್ಧದಲ್ಲೇ ಏದುಸಿರು ಬಿಡುತ್ತ ಕುಳಿತಿದ್ದೆ. “ಬನ್ನಿ ಸಾರ್, ಇನ್ನೊಂಚೂರು” ಎಂದು ಯಾರೋ ಕೈ ನೀಡಿದರು. ನೋಡಿದರೆ ನಮ್ಮ ಹವಾಲ್ದಾರರು! ವೆಂಕಟರಮಣನ ದರ್ಶನ ಮಾಡಿ ಇಳಿದ ಮೇಲೆ, ಊಟಕ್ಕೆ ತಮ್ಮೂರಿಗೆ ಬರಲೇಬೇಕೆಂದು ಹಟ ಹಿಡಿದರು. ಅವರ ಊರು ಜಾವಗಲ್ಲು ದಾಟಿ ಹಳೇಬೀಡಿಗೆ ಹೋಗುವ ದಾರಿಯಲ್ಲಿದೆ.

ಮುದ್ದೆ, ಹುರುಳಿಕಾಳಿನ ಸಾರು. ಗೋಡೆಯ ಮೇಲೆ ನಮ್ಮ ಫಲಕ. ಶಾಲು ತೊಟ್ಟಿಲಲ್ಲಿದ್ದ ಮೊಮ್ಮಗಳ ಮೇಲೆ. ಗ್ರಾಚ್ಯುಯಿಟಿಯ ಮಾತನ್ನು ಅವರು ಎತ್ತಲಿಲ್ಲ; ನಾನೂ ಎತ್ತಲಿಲ್ಲ.

ಸಂಜೆ ಕೆರೆ ಏರಿಯ ಮೇಲೆ ಒಂದು ವೀರಗಲ್ಲನ್ನು ತೋರಿಸಿದರು. ಹಳೇಬೀಡಿನಲ್ಲಿ ಒಡೆಯನ ಹಿಂದೆಯೇ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಗರುಡಗಂಬವನ್ನು ನೋಡಲು ದೂರ ದೂರದಿಂದ ಜನ ಬರುತ್ತಾರೆ. ಈ ಕಲ್ಲಿನವನ ಹೆಸರೇ ಸವೆದುಹೋಗಿತ್ತು. ನಾನು ನನ್ನ ವಿದ್ಯೆ ತೋರಿಸಿದೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ಲಿಂಗದ ಎದುರು ಕೈಮುಗಿದ ಅದೇ ವೀರ.

ಹವಾಲ್ದಾರರು ಎಲ್ಲವನ್ನೂ ಕೇಳಿಸಿಕೊಂಡು, “ಸರಿ ಸಾರ್. ಇವನು ಸ್ವರ್ಗಕ್ಕೆ ಹೋದ. ಮನೆಯೋರಿಗೆ ಏನ್ ಕೊಟ್ರು?” ಎಂದರು.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಹಿಂದೆ ಕಂಡಿದ್ದ ಬೇಗೂರಿನ ವೀರಗಲ್ಲಿನ ಕಥೆ ಹೇಳಿದೆ. ಕ್ರಿ.ಶ. 900ರ ಸುಮಾರಿನಲ್ಲಿ ನಾಗತ್ತರನೆಂಬ ವೀರ ಎರೆಯಪ್ಪನ ಪರವಾಗಿ ಕಾದಿ ಮಡಿದ. ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೇಗೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟ. ಕಾಳಗದ ಚಿತ್ರವಿರುವ ಆ ಕಲ್ಲಿನಲ್ಲೇ ಹಳ್ಳಿಗಳ ಹೆಸರುಗಳನ್ನೂ ಕೆತ್ತಿದ್ದಾರೆ. ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರೇ ಇದೆ.

“ಅಂದ್ರೆ, ಕಲ್ಲು ನಿಲ್ಸೋ ಹೊತ್ತಿಗೇ ಪತ್ರಾನೂ ಆಗೋದು ಅನ್ನಿ” ಎಂದರು ಹವಾಲ್ದಾರರು. ಚುಚ್ಚಬೇಕೆಂದು ಆಡಿದ ಮಾತಲ್ಲ; ಅವರು ಕಲ್ಲನ್ನೇ ನೋಡುತ್ತಿದ್ದರು. ನನಗೆ ಮಾತ್ರ ಅವರ ಮುಖ ನೋಡಲಾಗಲಿಲ್ಲ. ಮಡಿದವರಿಗೇ ಆಗಲಿ, ಬದುಕಿ ಬಂದವರಿಗೇ ಆಗಲಿ, ಕೊಡಬೇಕಾದದ್ದನ್ನು ಕೊಡದೆ ಮಾಡುವ ಸನ್ಮಾನ, ಊಟ ಬಡಿಸದೆ ಎಲೆ ಹಾಕಿದಂತೆ. ನಾವು ಎಲೆಯನ್ನಂತೂ ಚೆನ್ನಾಗಿಯೇ ಹಾಸಿದ್ದೆವು.

ಸೋಮವಾರ ಹಳೆಯ ಹಾಜರಿ ಪುಸ್ತಕಗಳನ್ನು ತರಿಸಿದೆ. ಆ ನಾಲ್ಕು ವರ್ಷವೂ ಎಡೆಬಿಡದೆ ಅವರ ರುಜು ಇತ್ತು. ಅಂಚಿನ ನನ್ನ ಪ್ರಶ್ನೆಯನ್ನು ಹೊಡೆದುಹಾಕಿ, ‘ಸೇರುತ್ತದೆ’ ಎಂದು ಬರೆದು ರುಜು ಹಾಕಿದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಭಾಷಣ ಬರೆಯಲು ಎರಡು ಸಂಜೆ ಹಿಡಿದಿತ್ತು.

ಬಾಗಿಲಲ್ಲಿ ಈಗ ಬೇರೊಬ್ಬರು ನಿಲ್ಲುತ್ತಾರೆ. ಅವರೂ ಸೈನ್ಯದಿಂದಲೇ ಬಂದವರು. ಅವರ ಹೆಸರನ್ನು ಕೇಳಿ ತಿಳಿದುಕೊಂಡಿದ್ದೇನೆ.