ನನ್ನ ಹೊಸ ಸ್ಲೇಟು

"ಟ್ಯಾಬ್ಲೆಟ್ ತಂದಿದ್ದೇನೆ" ಎಂದು ನಾನು ಮನೆಯೊಳಗೆ ಕಾಲಿಡುತ್ತ ಹೇಳಿದಾಗ ನಮ್ಮ ತಾಯಿಯವರು ಕುಳಿತಲ್ಲಿಂದಲೇ, "ಊಟಕ್ಕೆ ಮುಂಚೆಯೋ, ಆಮೇಲೋ?" ಎಂದು ಕೇಳಿದರು. ಎಂಬತ್ತು ದಾಟಿದ್ದ ಅವರ ಪಾಲಿಗೆ ಆ ಹೆಸರಿನ ಪದಾರ್ಥ ಒಂದೇ. ಅದನ್ನು ನೀರಿನೊಡನೆ ನುಂಗುತ್ತಾರೆ. ನಾನು ಪೆಟ್ಟಿಗೆಯನ್ನು ಬಿಚ್ಚಿ, 11 ಅಂಗುಲದ ಆ ಕರಿಯ ಗಾಜಿನ ಹಲಗೆಯನ್ನು ಅವರ ಮಡಿಲಲ್ಲಿಟ್ಟೆ. ಅವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ಅಯ್ಯೋ, ಸ್ಲೇಟು ಕಣೋ ಇದು! ಬಳಪ ಎಲ್ಲಿ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಸ್ಲೇಟು ಎಂಬ ಹೆಸರೇ ಸ್ಥಿರವಾಯಿತು.

ಛಾಯಾಗ್ರಹಣದ ಹುಚ್ಚು ನನಗೆ ಹಳೆಯದು. ಬಾಲ್ಯದಲ್ಲಿ ನಮ್ಮ ಸೋದರಮಾವನ ಬಚ್ಚಲುಮನೆ ರಾತ್ರಿಯಾದೊಡನೆ ಕತ್ತಲೆಕೋಣೆಯಾಗಿ ಮಾರ್ಪಡುತ್ತಿತ್ತು. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಕೆಂಪು ದೀಪ, ಹಂಡೆಯ ಪಕ್ಕದಲ್ಲಿ ದ್ರಾವಣ ತುಂಬಿದ ಮೂರು ತಟ್ಟೆಗಳು. ಚಿತ್ರದಲ್ಲಿ ಯಾರದಾದರೂ ಮುಖ ತೀರ ಕಪ್ಪಾಗುವಂತೆ ತೋರಿದರೆ, ಮಾವ ಎನ್‌ಲಾರ್ಜರಿನ ಬೆಳಕಿಗೂ ಕಾಗದಕ್ಕೂ ನಡುವೆ, ತಂತಿಗೆ ಸಿಕ್ಕಿಸಿದ ರಟ್ಟಿನ ಚೂರೊಂದನ್ನು ಹಿಡಿದು ಮೆಲ್ಲಗೆ ಆಡಿಸುತ್ತಿದ್ದರು. ಅಷ್ಟು ಭಾಗದ ಮೇಲೆ ಬೆಳಕು ಕಡಿಮೆ ಬಿದ್ದು ಮುಖ ತಿಳಿಯಾಗಿ ಮೂಡುತ್ತಿತ್ತು. ಛಾಯಾಚಿತ್ರವೂ ಒಂದು ಕೈಕೆಲಸವೇ ಎಂದು ನಾನು ತಿಳಿದದ್ದು ಆ ಬಚ್ಚಲುಮನೆಯಲ್ಲಿ.

ಮುಂದೆ ಡಿಜಿಟಲ್ ಕ್ಯಾಮೆರಾ ಬಂದಿತು. ಅದರ ಹಿಂದೆಯೇ ಕಂಪ್ಯೂಟರೂ ಬಂದಿತು. ಅದನ್ನು ಮಹಡಿಯ ಮೇಲಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದೆವು. ರಾತ್ರಿಯ ಊಟ ಮುಗಿಸಿ ನಾನು ಮೇಲೆ ಹತ್ತಿದರೆ, ತಪಸ್ಸಿಗೆ ಹೊರಟ ಋಷಿಯನ್ನು ಬೀಳ್ಕೊಡುವಂತೆ ಮನೆಯವರು ನೋಡುತ್ತಿದ್ದರು. ಕಂಪ್ಯೂಟರು ಎಚ್ಚರಗೊಳ್ಳುವ ವೇಳೆಗೆ ನನಗೆ ನಿದ್ರೆ ಬಂದಿರುತ್ತಿತ್ತು. ಅಲ್ಲದೆ, ಚಿತ್ರವಿರುವುದು ಕಣ್ಣೆದುರಿನ ಪರದೆಯ ಮೇಲೆ. ಕೈಯಿರುವುದು ಒಂದು ಮೊಳ ದೂರದ ಮೌಸಿನ ಮೇಲೆ. ವರ್ಷಗಳು ಕಳೆದಂತೆ ಸಾವಿರಾರು ಚಿತ್ರಗಳು ಆ ಯಂತ್ರದ ಹೊಟ್ಟೆ ಸೇರಿದುವು. ಅವುಗಳನ್ನು ಕಂಡವನು ನಾನೊಬ್ಬನೇ.

ಐಪ್ಯಾಡ್ ಮೊದಲು ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಆಗ ಅದನ್ನು ಓದುವುದಕ್ಕೆ, ಚಲನಚಿತ್ರ ನೋಡುವುದಕ್ಕೆ ತಕ್ಕ ಆಟಿಕೆಯೆಂದು ನಾನು ಕಡೆಗಣಿಸಿದ್ದೆ. 2014ರಲ್ಲಿ ಚಿತ್ರ ತಿದ್ದುವ ಲೈಟ್‌ರೂಮ್ ಅದರೊಳಗೆ ಬಂದಿತು. 2019ರಲ್ಲಿ ಫೋಟೋಶಾಪ್ ಬಂದಿತು. ಅದೇ ವರ್ಷ ಹೊರಗಿನ ಡಿಸ್ಕನ್ನು ಜೋಡಿಸಿ ಕಡತಗಳನ್ನು ಸಾಗಿಸುವ ಅನುಕೂಲವೂ ದೊರೆಯಿತು. ಆದ್ದರಿಂದ ನನ್ನ ಮುದಿ ಕಂಪ್ಯೂಟರು ಕೊನೆಯುಸಿರೆಳೆದಾಗ, ಹೊಸದೊಂದನ್ನು ಕೊಳ್ಳುವ ಬದಲು ಸ್ಲೇಟಿನಲ್ಲಿಯೇ ಸಂಸಾರ ಸಾಗಿಸಲು ನಿರ್ಧರಿಸಿದೆ.

ಕೈ ಮರಳಿ ಚಿತ್ರದ ಮೇಲೆ ಬಂದದ್ದು ನನಗೆ ದೊರೆತ ಮೊದಲ ಲಾಭ. ಬೆರಳಿನಿಂದ ಸವರಿದರೆ ಸವರಿದಷ್ಟೇ ಜಾಗ ತಿಳಿಯಾಗುತ್ತದೆ. ಮಾವನ ರಟ್ಟಿನ ಚೂರು ನನ್ನ ತೋರುಬೆರಳಿನಲ್ಲಿ ಪುನರ್ಜನ್ಮ ಪಡೆದಂತಾಯಿತು. ಕಷ್ಟಗಳೂ ಇಲ್ಲದಿರಲಿಲ್ಲ. ಸ್ಲೇಟಿನ ಬೆಳಕು ಬಹಳ ಪ್ರಖರ. ಅದರ ಮೇಲೆ ಝಗಝಗಿಸಿದ ಸೂರ್ಯೋದಯವನ್ನು ಅಚ್ಚು ಹಾಕಿಸಿದರೆ, ಅದು ಅಮಾವಾಸ್ಯೆಯ ಸಂಜೆಯಂತೆ ಹೊರಬಂದಿತು. ಬೆಳಕನ್ನು ಅರ್ಧಕ್ಕಿಳಿಸಿ ತಿದ್ದಬೇಕೆಂಬ ಬುದ್ಧಿ ಬರುವಷ್ಟರಲ್ಲಿ ಅಚ್ಚಿನ ಅಂಗಡಿಗೆ ಸಾಕಷ್ಟು ಹಣ ತೆತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಜಾಗದ್ದು. ರಂಗನತಿಟ್ಟಿನಲ್ಲಿ ಒಂದು ಬೆಳಗ್ಗೆ ದೋಣಿಯಲ್ಲಿ ಕುಳಿತರೆ, ಬಣ್ಣದ ಕೊಕ್ಕರೆಗಳ ಮುಂದೆ ನನ್ನ ಬೆರಳಿಗೆ ಲಗಾಮಿರುವುದಿಲ್ಲ. 600 ಚಿತ್ರಗಳು ಲೀಲಾಜಾಲವಾಗಿ ಆಗುತ್ತವೆ. ನನ್ನ ಕ್ಯಾಮೆರಾದ ಕಚ್ಚಾ ಚಿತ್ರವೊಂದಕ್ಕೆ ಸುಮಾರು 25 ಎಂ.ಬಿ. ಎಂದರೂ ಒಟ್ಟು 15 ಜಿ.ಬಿ. ಆಯಿತು. ಸ್ಲೇಟಿನ ಹೊಟ್ಟೆಯೋ 128 ಜಿ.ಬಿ. ಮಾತ್ರ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆ: ಸಂಜೆ ಜಗಲಿಯಲ್ಲಿ ಕುಳಿತು ಆರಿಸುವುದು, ಆರಿಸಿದವನ್ನು ಮಾತ್ರ ಡಿಸ್ಕಿಗೆ ಸೇರಿಸಿ, ಉಳಿದವನ್ನು ಅಳಿಸಿ, ಕ್ಯಾಮೆರಾದ ಕಾರ್ಡನ್ನೂ ಬರಿದು ಮಾಡುವುದು. ಮಬ್ಬಾದದ್ದಕ್ಕೆ ಕ್ಷಮೆಯಿಲ್ಲ.

ಈ ಜಗಲಿಯ ಕೆಲಸದಿಂದ ನನ್ನ ತಪಸ್ಸು ಭಂಗವಾಯಿತು. ಕಾಫಿ ತಂದುಕೊಟ್ಟ ಶ್ರೀಮತಿ, "ಆ ಹಕ್ಕಿಗೆ ಕಾಲೇ ಇಲ್ಲವಲ್ಲ!" ಎಂದು ದೋಷ ಹಿಡಿದು ಹೋಗುತ್ತಿದ್ದಳು. ಮಗಳು ಹೆಗಲ ಮೇಲಿಂದ ಬಗ್ಗಿ ತೀರ್ಪು ಕೊಡುತ್ತಿದ್ದಳು. ತಾಯಿಯವರಂತೂ ಎರಡು ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸುವ ವಿದ್ಯೆಯನ್ನು ಒಂದೇ ದಿನದಲ್ಲಿ ಕಲಿತರು. ಪೊರೆ ಬಂದಿದ್ದ ಅವರ ಕಣ್ಣಿಗೆ ಎಷ್ಟೋ ವರ್ಷಗಳ ಮೇಲೆ ಮೊಮ್ಮಗಳ ಮುಖ ಅಷ್ಟು ದೊಡ್ಡದಾಗಿ ಕಂಡಿತ್ತು.

ಅವರದೇ ಚಿತ್ರ ತೆಗೆಯುವುದು ಮಾತ್ರ ದುಸ್ಸಾಧ್ಯವಾಗಿತ್ತು. ಕ್ಯಾಮೆರಾ ಕಂಡೊಡನೆ ಸೆರಗು ಹೊದ್ದು, ತುಟಿ ಬಿಗಿದು, ಸಾಕ್ಷಿ ನುಡಿಯಲು ಬಂದವರಂತೆ ಕುಳಿತುಬಿಡುತ್ತಿದ್ದರು. ಒಂದು ಸಂಜೆ ಅವರು ಮಲ್ಲಿಗೆ ಕಟ್ಟುತ್ತಿದ್ದಾಗ ಮಗಳು ಏನೋ ಹೇಳಿದಳು. ಅವರು ಹೂವನ್ನು ಹಿಡಿದ ಕೈಯನ್ನು ಬೀಸಿ ಬಾಯಿತುಂಬ ನಕ್ಕರು. ನಾನು ಒತ್ತಿದೆ. ಬೆಳಕು ಸಾಲದಿದ್ದುದರಿಂದ ಮುಖ ಮಸುಕಾಯಿತು. ಕೈ ಬರಿಯ ಬಿಳಿಯ ಗೆರೆಯಾಯಿತು. ಸ್ಲೇಟಿನಲ್ಲಿ ಅದನ್ನು ಕಂಡ ತಾಯಿಯವರು, "ಇದರಲ್ಲಿ ನಾನು ನನ್ನ ಹಾಗೇ ಇದ್ದೀನಿ ಕಣೋ" ಎಂದರು. "ಅಲುಗಾಡಿದೆಯಮ್ಮ" ಎಂದು ಹೇಳಿ, ಅವರು ಒಳಗೆ ಹೋದ ಮೇಲೆ ನಿಯಮದಂತೆ ಅಳಿಸಿದೆ.

ಹನ್ನೆರಡನೆಯ ದಿನ ಅವರು ನಿದ್ರೆಯಲ್ಲಿಯೇ ತೀರಿಕೊಂಡರು.

ವೈಕುಂಠ ಸಮಾರಾಧನೆಯ ಹಿಂದಿನ ದಿನ, ಹೂವಿನ ಹಾರ ಹಾಕಲು ಒಂದು ಚಿತ್ರ ಬೇಕೆಂದರು. ಡಿಸ್ಕನ್ನು ತೆರೆದು ಹುಡುಕಿದೆ. ಕೊಕ್ಕರೆಗಳಿದ್ದುವು, ಲಾಲ್‌ಬಾಗಿನ ಗಾಜಿನ ಮನೆಯಿತ್ತು. ಎಲ್ಲವೂ ಸ್ಫುಟ, ಎಲ್ಲವೂ ನಿರ್ದೋಷ. ತಾಯಿಯವರು ಬಿಗಿದ ತುಟಿಗಳ ನಾಲ್ಕೈದು ಚಿತ್ರಗಳಲ್ಲಿ ಸಾಕ್ಷಿ ನುಡಿಯುತ್ತಿದ್ದರು. ಮಗಳು ಬಂದು, "ಅಪ್ಪ, ಅಜ್ಜಿ ನಗುತ್ತಿದ್ದರಲ್ಲ, ಅದೆಲ್ಲಿ?" ಎಂದು ಕೇಳಿದಳು. ನನ್ನ ನಾಲಗೆ ಒಣಗಿತು. ಕಾರ್ಡು ಬರಿದಾಗಿತ್ತು. ಡಿಸ್ಕಿನಲ್ಲಿ ಆ ಚಿತ್ರ ಇರಲೇ ಇಲ್ಲ. "ಅಳಿಸಿದೆನಮ್ಮ" ಎಂದೆ.

ಅವಳು ಒಂದು ಮಾತನ್ನೂ ಆಡದೆ ಸ್ಲೇಟನ್ನು ಕೈಗೆತ್ತಿಕೊಂಡು ಎಲ್ಲಿಯೋ ಎರಡು ಸಲ ಒತ್ತಿದಳು. ಅಳಿಸಿದ ಚಿತ್ರಗಳನ್ನು ಈ ಯಂತ್ರ ಒಡನೆಯೇ ಬಿಸಾಡುವುದಿಲ್ಲ. 30 ದಿನಗಳವರೆಗೆ ಒಂದು ಮೂಲೆಯಲ್ಲಿಟ್ಟುಕೊಂಡು, ಪ್ರತಿಯೊಂದರ ಮೇಲೂ ಇನ್ನೆಷ್ಟು ದಿನ ಉಳಿದಿದೆಯೆಂದು ಬರೆದಿರುತ್ತದೆ. ಮಬ್ಬು ಕೊಕ್ಕರೆಗಳ ಹಿಂಡಿನ ನಡುವೆ ನಮ್ಮ ತಾಯಿಯವರು ನಗುತ್ತಿದ್ದರು. ಕೆಳಗೆ, ಆರು ದಿನ ಎಂದಿತ್ತು.

ಬಾಲ್ಯದ ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬರೆದದ್ದು ಹೋದದ್ದೇ. ಈ ಸ್ಲೇಟು ನನಗಿಂತ ದಯಾಳುವಾಗಿತ್ತು; ಆದರೆ ಅದರ ದಯೆಗೂ ಒಂದು ಅವಧಿಯಿತ್ತು. ಈಗ ನನ್ನ ನಿಯಮ ಬದಲಾಗಿದೆ. ಕಾರ್ಡಿನಲ್ಲಿರುವುದೆಲ್ಲವೂ ಮೊದಲು ಎರಡು ಡಿಸ್ಕುಗಳಿಗೆ ಹೋಗುತ್ತದೆ. ಆಮೇಲೆ ಜಗಲಿ, ಆಮೇಲೆ ಆಯ್ಕೆ. ಮನುಷ್ಯರ ಚಿತ್ರಗಳನ್ನು ನಾನೊಬ್ಬನೇ ಆರಿಸುವುದಿಲ್ಲ, ಚಿತ್ರದಲ್ಲಿರುವವರನ್ನು ಕೇಳುತ್ತೇನೆ.

ಆ ಚಿತ್ರ ಈಗ ನಡುಮನೆಯ ಗೋಡೆಯ ಮೇಲಿದೆ. ನಾನು ಅದನ್ನು ಕೊಂಚವೂ ತಿದ್ದಿಲ್ಲ. ಮೊನ್ನೆ ಬಂದಿದ್ದ ನೆಂಟರೊಬ್ಬರು ಕನ್ನಡಕವನ್ನು ಮೇಲೇರಿಸಿ ನೋಡಿ, "ಸ್ವಲ್ಪ ಅಲುಗಾಡಿದೆಯಲ್ಲವೆ?" ಎಂದರು.

"ಹೌದು, ನಗುತ್ತಿದ್ದರು" ಎಂದೆ.