ಝೀಬೋ ನಗರದ ಅಗ್ಗಿಷ್ಟಿಕೆ

ಚೀನ ದೇಶದ ಪೂರ್ವ ಕರಾವಳಿಯಲ್ಲಿ ಶಾನ್‌ಡಾಂಗ್ ಪ್ರಾಂತವಿದೆ. ಕನ್‌ಫ್ಯೂಷಿಯಸ್ ಮಹಾಶಯನು ಹುಟ್ಟಿದ ಚೂಫೂ ಅಲ್ಲಿಯದು. ಚಕ್ರವರ್ತಿಗಳು ಪೂಜೆ ಸಲ್ಲಿಸಿದ ತಾಯ್ ಪರ್ವತವೂ ಅಲ್ಲಿಯದೇ. ಯಾತ್ರಿಕರು ಇವೆರಡನ್ನೂ ನೋಡಿ, ಚಿಂಗ್‌ದಾವ್ ಬಂದರಿನ ಕಡಲ ದಂಡೆಯಲ್ಲಿ ಗಾಳಿ ಸೇವಿಸಿ ಹಿಂದಿರುಗುವುದು ವಾಡಿಕೆ. ಪ್ರಾಂತದ ರಾಜಧಾನಿಯಾದ ಜೀನಾನಿಗೂ ಚಿಂಗ್‌ದಾವಿಗೂ ನಡುವಣ ರೈಲು ಹಾದಿಯಲ್ಲಿರುವ ಝೀಬೋ ನಗರದಲ್ಲಿ ಬಹುಮಟ್ಟಿಗೆ ಕೆಲಸವಿದ್ದವರೇ ಇಳಿಯುತ್ತಿದ್ದರು. ಕಲ್ಲಿದ್ದಲು, ಪಿಂಗಾಣಿ, ಗಾಜು, ರಾಸಾಯನಿಕಗಳು ಆ ಊರಿನ ಉದ್ಯಮಗಳು. ಸುಮಾರು 47 ಲಕ್ಷ ಜನರಿರುವ ಈ ಕಾರ್ಖಾನೆಗಳ ಊರಿಗೆ 2023ರ ವಸಂತದಲ್ಲಿ ದೇಶದ ಮೂಲೆಮೂಲೆಗಳಿಂದ ಜನ ಹರಿದುಬಂದರು. ಅವರು ಬಂದದ್ದು ಊಟದ ಮೇಜಿನ ಮೇಲಿನ ಒಂದು ಸಣ್ಣ ಅಗ್ಗಿಷ್ಟಿಕೆಯನ್ನು ಹುಡುಕಿಕೊಂಡು!

ಸಂಜೆಯ ಹೊತ್ತಿಗೆ ಝೀಬೋವಿನ ಬೀದಿಯಲ್ಲಿ ನಡೆಯುವ ಪ್ರವಾಸಿಗನಿಗೆ ಅಂಗಡಿಯನ್ನು ಪತ್ತೆಹಚ್ಚಲು ಭಾಷೆ ಬರಬೇಕಾದ್ದಿಲ್ಲ. ಬಾಗಿಲ ಮೇಲೆ ಕೆಂಪು ದೀಪದಲ್ಲಿ ಒಂದೇ ಅಕ್ಷರ ಹೊಳೆಯುತ್ತಿರುತ್ತದೆ. ಒಂದರ ಕೆಳಗೊಂದು ಎರಡು ಚೌಕಗಳು. ಅವುಗಳ ನಡುವೆ ತೂರಿಹೋದ ಒಂದು ನೆಟ್ಟಗಿನ ಗೆರೆ. ಕಡ್ಡಿಗೆ ಪೋಣಿಸಿದ ಮಾಂಸದ ತುಂಡುಗಳೇ ಅಕ್ಷರದ ರೂಪ ತಾಳಿದಂತೆ ಕಾಣುವ ಅದನ್ನು ‘ಚುವಾನ್’ ಎಂದು ಓದುತ್ತಾರೆ. ಓದುಬಾರದವನೂ ಓದಬಲ್ಲ ಫಲಕವದು.

ಒಳಗೆ ಅಂಗಳದ ತುಂಬ ತಗ್ಗಾದ ಮೇಜುಗಳು, ಪುಟ್ಟ ಸ್ಟೂಲುಗಳು. ಗ್ರಾಹಕರು ಅಂಗಡಿಯಾತನನ್ನು ‘ಲಾವ್‌ಬಾನ್’, ಎಂದರೆ ಯಜಮಾನ, ಎಂದು ಕೂಗುತ್ತಾರೆ. ಆತ ದೊಡ್ಡ ಒಲೆಯ ಮೇಲೆ ಮುಕ್ಕಾಲು ಪಾಲು ಸುಟ್ಟ ಕಡ್ಡಿಗಳನ್ನು ತಂದು, ಮೇಜಿನ ಮೇಲೆ ಇದ್ದಿಲು ತುಂಬಿದ ಉದ್ದನೆಯ ಅಗ್ಗಿಷ್ಟಿಕೆಯ ಮೇಲೆ ಸಾಲಾಗಿ ಇರಿಸುತ್ತಾನೆ. ಉಳಿದ ಕಾಲು ಪಾಲು ಅತಿಥಿಯ ಕೆಲಸ. ಹಂದಿಮಾಂಸ, ಕುರಿಮಾಂಸಗಳ ಜೊತೆಗೆ ಆಲೂಗಡ್ಡೆ, ಸೋಯಾ ಗಿಣ್ಣು, ಅಣಬೆ, ತಾವರೆ ದಂಟುಗಳೂ ಕಡ್ಡಿಗೇರುವುದರಿಂದ ಸಸ್ಯಾಹಾರಿಯೂ ಉಪವಾಸ ಬೀಳಬೇಕಾದ್ದಿಲ್ಲ.

ತಿನ್ನುವುದಕ್ಕೂ ಒಂದು ಕ್ರಮವುಂಟು. ಅಂಗೈಯಗಲದ, ನಮ್ಮ ಚಪಾತಿಗಿಂತ ತೆಳುವಾದ ಗೋಧಿಯ ರೊಟ್ಟಿಯನ್ನು ಅಗ್ಗಿಷ್ಟಿಕೆಯ ಮೇಲೆ ಬಿಸಿಮಾಡಿ ಅಂಗೈ ಮೇಲೆ ಹರಡಬೇಕು. ಅದಕ್ಕೆ ಖಾರ-ಸಿಹಿಯ ಗೊಜ್ಜು ಸವರಿ, ಎಳೆ ಈರುಳ್ಳಿಯ ಬಿಳಿಯ ದಂಟನ್ನಿಡಬೇಕು. ಕಡ್ಡಿಯಲ್ಲಿರುವ ಮಾಂಸವನ್ನು ರೊಟ್ಟಿಯ ನಡುವೆ ಹಿಡಿದು ಮುಷ್ಟಿ ಬಿಗಿದು, ಇನ್ನೊಂದು ಕೈಯಿಂದ ಕಡ್ಡಿಯನ್ನು ಸರಕ್ಕನೆ ಸೆಳೆದರೆ ತುತ್ತು ಸಿದ್ಧ. ಮೊದಲ ಸಲ ಸೆಳೆದವರ ಗೊಜ್ಜು ಅಂಗಿಯ ಮೇಲೆ ಬೀಳುವುದುಂಟು. ಪಕ್ಕದ ಮೇಜಿನವರು ಎದ್ದು ಬಂದು ತೋರಿಸಿಕೊಡುವುದೂ ಉಂಟು.

ಕಡ್ಡಿಯ ಮೇಲೆ ಸುಡುವ ವಿದ್ಯೆ ಈ ಪ್ರಾಂತಕ್ಕೆ ಹೊಸದಲ್ಲ. ಇಲ್ಲಿಯ ಝೂಚೆಂಗ್‌ನಲ್ಲಿ ದೊರೆತ ಪೂರ್ವ ಹಾನ್ ಕಾಲದ ಸಮಾಧಿಯೊಂದರ ಶಿಲೆಯ ಮೇಲೆ ತುಂಬಿದ ಅಡಿಗೆಮನೆಯ ಚಿತ್ರವಿದೆ. ಅದರಲ್ಲಿ ಮಾಂಸದ ಕಡ್ಡಿಗಳನ್ನು ಕೆಂಡದ ಮೇಲಿಟ್ಟು ಬೀಸಣಿಗೆ ಆಡಿಸುತ್ತಿರುವವನನ್ನು ಇಂದಿನ ಲಾವ್‌ಬಾನನ ಪೂರ್ವಜನೆಂದೇ ಹೇಳಬೇಕು. ಜೀರಿಗೆಯ ಘಮಲಿನ ಕುರಿಮಾಂಸದ ಕಡ್ಡಿಯಾದರೋ ಪಶ್ಚಿಮದ ಶಿನ್‌ಜಿಯಾಂಗ್ ಸೀಮೆಯದು. ಅಲ್ಲಿಯ ಉಯ್ಗುರ್ ವ್ಯಾಪಾರಿಗಳು 1980ರ ದಶಕದಲ್ಲಿ ಅದನ್ನು ಚೀನದ ನಗರ ನಗರಗಳಿಗೆ ಹರಡಿದರು.

ಇಷ್ಟೆಲ್ಲ ಇದ್ದರೂ ಮೇಜಿಗೊಂದು ಅಗ್ಗಿಷ್ಟಿಕೆ ಝೀಬೋವಿನಲ್ಲಿಯೇ ಹೇಗೆ ಉಳಿಯಿತು? ಗಾಳಿ ಕೆಡುತ್ತದೆಂದು ಅನೇಕ ನಗರಗಳು ಬೀದಿಯ ಒಲೆಗಳನ್ನು ಎತ್ತಿಸಿದವು. 2015ರ ಸುಮಾರಿಗೆ ಝೀಬೋವಿನ ಅಧಿಕಾರಿಗಳು ಬೇರೊಂದು ದಾರಿ ಹಿಡಿದರು. ಒಲೆಗಳು ಬೀದಿ ಬಿಟ್ಟು ಅಂಗಡಿ, ಅಂಗಳಗಳ ಒಳಗೆ ಸೇರಬೇಕು. ಹೊಗೆಯಾಡದ ಒಲೆಗಳನ್ನೇ ಬಳಸಬೇಕು ಎಂದು ಕಟ್ಟಳೆ ಮಾಡಿದರು. ಹೊಗೆ ಹೋಯಿತು, ಕೆಂಡ ಉಳಿಯಿತು; ಬಡವನ ಜೀವನೋಪಾಯವೂ ಉಳಿಯಿತು.

ಊರಿಗೆ ಜನ ಬಂದುದಕ್ಕೆ ಅಲ್ಲಿಯವರು ಹೇಳುವ ವೃತ್ತಾಂತ ಹೀಗಿದೆ. 2022ರ ವಸಂತದಲ್ಲಿ, ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, ಜೀನಾನಿನ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಇರಿಸಲು ಝೀಬೋವಿಗೆ ಕಳುಹಿಸಿದರು. ಊರವರು ಆ ಮಕ್ಕಳನ್ನು ಆದರದಿಂದ ನೋಡಿಕೊಂಡು, ಹೊರಡುವ ಮುನ್ನ ಸುಟ್ಟ ಕಡ್ಡಿಗಳ ಊಟ ಬಡಿಸಿ, ಮುಂದಿನ ವಸಂತದಲ್ಲಿ ಮತ್ತೆ ಬರಬೇಕೆಂದು ಕರೆದರು. ಕರೆದವರು ಮರೆಯಬಹುದು, ಉಂಡವರು ಮರೆಯಲಿಲ್ಲ. 2023ರ ಮಾರ್ಚಿಯಲ್ಲಿ ಅವರು ಗೆಳೆಯರನ್ನೂ ಕಟ್ಟಿಕೊಂಡು ಬಂದರು. ಅವರು ತೆಗೆದ ಚಿತ್ರಗಳು ದೂರವಾಣಿಯಿಂದ ದೂರವಾಣಿಗೆ ಹಬ್ಬಿದವು. ಜೀನಾನಿನಿಂದ ಕಡ್ಡಿಯೂಟಕ್ಕೆಂದೇ ವಿಶೇಷ ರೈಲು ಹೊರಟಿತು. ನಗರದಲ್ಲಿ ಅಂಗಡಿಗಳಿಗೆ ಕರೆದೊಯ್ಯಲು 21 ಬಸ್ ಮಾರ್ಗಗಳು ತೆರೆದವು.

ಆದರೆ ನಾಲಗೆಯ ರುಚಿಯಿಂದ ಬಂದ ಹೆಸರನ್ನು ಗಟ್ಟಿಮಾಡಿದ್ದು ತಕ್ಕಡಿ. ಆ ಏಪ್ರಿಲ್‌ನಲ್ಲಿ ಚಿತ್ರಗಾರನೊಬ್ಬನು ಸ್ವಂತ ತಕ್ಕಡಿಯನ್ನು ಜೊತೆಗೊಯ್ದು, ಹತ್ತು ಅಂಗಡಿಗಳಲ್ಲಿ ಕೊಂಡ ತಿನಿಸನ್ನು ಗುಟ್ಟಾಗಿ ತೂಗಿ ನೋಡಿದನು. ಹತ್ತರಲ್ಲಿ ಒಂದೂ ತೂಕದಲ್ಲಿ ಮೋಸ ಮಾಡಿರಲಿಲ್ಲ. ನೂಕುನುಗ್ಗಲಿನ ದಿನಗಳಲ್ಲಿ ತೂಕ ಕಡಿಮೆಯಾಗುವುದು ಸಂತೆಯ ನಿಯಮವೆಂದೇ ತಿಳಿದಿದ್ದ ಜನರಿಗೆ ಇದು ಅದ್ಭುತವಾಗಿ ಕಂಡಿತು. ಬಾದಾಜೂ ಎಂಬ ತರಕಾರಿ ಮಾರುಕಟ್ಟೆಯೂ ಯಾತ್ರಾಸ್ಥಳವಾಯಿತು. ಮೇ ದಿನದ ರಜೆಗೆ ಮುನ್ನ ನಗರವೇ ಪ್ರವಾಸಿಗರಿಗೆ ಬಹಿರಂಗ ಪತ್ರ ಬರೆದು, ತಂಗಲು ಕೋಣೆಗಳಿಲ್ಲ, ಪ್ರಾಂತದ ಬೇರೆ ಊರುಗಳನ್ನೂ ನೋಡಿರಿ ಎಂದು ಬಿನ್ನವಿಸಿಕೊಂಡಿತು. ಲಾಭದ ಹೊತ್ತಿನಲ್ಲಿ ಹೀಗೆ ಹೇಳಲು ಧೈರ್ಯ ಬೇಕು.

ಪ್ರವಾಹ ಬಂದ ಮೇಲೆ ಇಳಿಯಲೂಬೇಕು. ಆ ಬೇಸಗೆ ಕಳೆಯುವ ಹೊತ್ತಿಗೆ ಜನಸಂದಣಿ ಕರಗಿತು. ಆ ಗದ್ದಲವನ್ನು ನಂಬಿ ಹಣ ಹೂಡಿ ತೆರೆದ ಹೊಸ ಅಂಗಡಿಗಳಲ್ಲಿ ಕೆಲವು ಬಾಗಿಲು ಹಾಕಿದವು, ಕೆಲವು ಕೈ ಬದಲಾದವು. ಸಾಲ ಮಾಡಿ ಒಲೆ ಹೂಡಿದವನಿಗೆ ಊರಿನ ಕೀರ್ತಿಯಿಂದ ಹೊಟ್ಟೆ ತುಂಬುವುದಿಲ್ಲ. ಉಳಿದವರಿಗೆ ಆಸರೆ, ಗದ್ದಲಕ್ಕೆ ಮೊದಲೂ ಬರುತ್ತಿದ್ದ ಊರಿನ ಸಂಸಾರಗಳೇ.

‘ಲಿಯಾವ್‌ಝಾಯ್’ ಎಂಬ ವಿಚಿತ್ರ ಕಥೆಗಳನ್ನು ಬರೆದ ಪೂ ಸುಂಗ್‌ಲಿಂಗ್ (1640–1715) ಈ ಝೀಬೋ ಸೀಮೆಯವನು. ಆತ ಹಾದಿಬದಿಯಲ್ಲಿ ಚಹಾ ಇಟ್ಟುಕೊಂಡು ಕೂತು, ದಾರಿಹೋಕರಿಗೆ ಚಹಾ ಕೊಟ್ಟು, ಬದಲಿಗೆ ಅವರಿಂದ ಒಂದು ಕಥೆ ಕೇಳುತ್ತಿದ್ದನೆಂಬ ಐತಿಹ್ಯವಿದೆ. ಆದರಿಸಿ ಕೊಟ್ಟುದಕ್ಕೆ ಕಥೆಯೇ ಪ್ರತಿಫಲ. ಅವನ ಊರಿನವರು ಒಂದು ವಸಂತದಲ್ಲಿ ಮನೆಯಿಂದ ದೂರವಿದ್ದ ಮಕ್ಕಳಿಗೆ ಬಿಸಿಯೂಟ ಬಡಿಸಿದರು. ಮರುವರ್ಷ ಆ ಕಥೆಯನ್ನು ದೇಶವೆಲ್ಲ ಹೇಳಿತು. ಸಂದಣಿ ಹೋದರೂ ಸಂಜೆಯಾದರೆ ಅಂಗಳದಲ್ಲಿ ಮೇಜುಗಳು ಬೀಳುತ್ತವೆ. ಲಾವ್‌ಬಾನ್ ಕೆಂಡವನ್ನು ಕೆದಕಿ, ಅಗ್ಗಿಷ್ಟಿಕೆಯನ್ನು ಮೇಜಿಗೆ ತರುತ್ತಾನೆ.